ಹಿಂದಿನ ಸೀಟು, ಎಡಗಡೆ

“ಕೀರಲು ಇಲ್ಲ, ಪೂರ್ತಿ ಹೋಗಿದೆ,” ಎಂದರು ಕಾರು ಓಡಿಸುತ್ತಿದ್ದ ಕಿವಿ ಮೇಷ್ಟ್ರು. ಹಿಂದಿನ ಸೀಟಿನ ಎಡಗಡೆ ಲ್ಯಾಪ್‌ಟಾಪಿನ ಮೇಲೆ ಬಗ್ಗಿ ಕೂತಿದ್ದ ಕಿರಿಯ ಎಂಜಿನಿಯರ್‌ಗೆ ಅದೇ ಕ್ಷಣದಲ್ಲಿ ಆ ಕೀರಲು ದನಿ ಸೂಜಿ ಚುಚ್ಚಿದಂತೆ ಕೇಳುತ್ತಿತ್ತು. ಪರದೆಯ ಮೇಲೆ ಮೂರು ಸಾವಿರದ ಎಂಟುನೂರು ಹರ್ಟ್ಸ್ ಹತ್ತಿರ ಗೆರೆ ನೆಟ್ಟಗೆ ಎದ್ದು ನಿಂತಿತ್ತು.

“ಹೊಸ ಗೇರು ಗೆದ್ದುಬಿಡ್ತು ನೋಡು!” ಮೇಷ್ಟ್ರು ಸ್ಟಿಯರಿಂಗ್ ತಟ್ಟಿದರು.

“ಸರ್, ಹೊಸ ಗೇರು ಇನ್ನೂ ಸ್ಟೋರಲ್ಲೇ ಇದೆ. ಇದು ಹಳೇದೇ. ಹೋಲಿಸಿ ನೋಡೋಕೆ ಅಂತ ಇವತ್ತು...” ಅವಳು ತಲೆ ಎತ್ತದೆ ಹೇಳಿದಳು.

ಮೇಷ್ಟ್ರು ಕನ್ನಡಿಯತ್ತ ಕಣ್ಣು ಹಾಯಿಸಿದರು. “ತಲೆ ಎತ್ತಿ ಕೂತ್ಕೋ ತಾಯಿ, ಎಷ್ಟು ಸಲ ಹೇಳ್ಬೇಕು? ಕಾರು ಕೊಳ್ಳೋನು ಗ್ರಾಫ್ ನೋಡ್ತಾ ಕೂರ್ತಾನಾ?” ಎಂದರು.

ಅದು ಎರಡು ಟನ್ ತೂಗುವ, ಐನೂರು ಚಿಲ್ಲರೆ ಅಶ್ವಶಕ್ತಿಯ ಐಷಾರಾಮಿ ಸೆಡಾನ್. ಎಂಜಿನಿನ ನೆತ್ತಿಯ ಮೇಲೆ ಕೂತ ಸೂಪರ್‌ಚಾರ್ಜರ್ ಅದರ ಗಂಟಲಿಗೆ ಬಲವಂತವಾಗಿ ಗಾಳಿ ತುರುಕುತ್ತದೆ. ಆ ಗಾಳಿಯಿಂದಲೇ ಅಷ್ಟು ಶಕ್ತಿ. ಸೂಪರ್‌ಚಾರ್ಜರಿನ ಗೇರು ಹಲ್ಲುಗಳು ಒಂದನ್ನೊಂದು ಮುಟ್ಟುವಾಗ ಹುಟ್ಟುವ ಕೀರಲು ಮಾತ್ರ ಕೊಳ್ಳುವವನಿಗೆ ಬೇಡ. ಅದು ಇದೆಯೋ ಇಲ್ಲವೋ ಎಂಬುದಕ್ಕೆ ಕಂಪನಿಯಲ್ಲಿ ಕೊನೆಯ ಸಹಿ ಮೇಷ್ಟ್ರದ್ದು; ಅದಕ್ಕೇ ‘ಕಿವಿ ಮೇಷ್ಟ್ರು’ ಎಂಬ ಅಡ್ಡಹೆಸರು. ಗ್ರಾಫ್ ಬರೀ ಲಗತ್ತು.

ಮೇಷ್ಟ್ರು ಇಳಿದುಹೋದ ಮೇಲೆ ಕಾರನ್ನು ಶೆಡ್ಡಿಗೆ ಬಿಡಲು ಅವಳು ಮುಂದೆ ಬಂದು ಕೂತಳು. ರಿವರ್ಸ್ ಹಾಕಿ ಒಳಗಿನ ಕನ್ನಡಿ ನೋಡಿದಳು. ಅದರಲ್ಲಿ ಹಿಂದಿನ ಗಾಜೂ ಇರಲಿಲ್ಲ, ದಾರಿಯೂ ಇರಲಿಲ್ಲ. ಇದ್ದದ್ದು ಹಿಂದಿನ ಸೀಟಿನ ಎಡ ಮೂಲೆ, ಅಲ್ಲಿ ತಾನು ಬಿಟ್ಟುಬಂದಿದ್ದ ಲ್ಯಾಪ್‌ಟಾಪು.

ಬ್ರೇಕಿನ ಮೇಲೆ ಕಾಲಿಟ್ಟವಳು ಹಾಗೇ ಕೂತುಬಿಟ್ಟಳು. ಮೂರು ವರ್ಷದಿಂದ ಒಂದೇ ಕಟ್ಟಪ್ಪಣೆ: ಹಿಂದಿನ ಸೀಟು, ಎಡಗಡೆ, ತಲೆ ನೇರ. ಹಿಂದೆ ಕೂರುವ ಯಜಮಾನನ ಜಾಗದಿಂದ ಕೇಳುವುದನ್ನು ಕಲಿಸುತ್ತಿದ್ದಾರೆ ಎಂದುಕೊಂಡಿದ್ದಳು. ಕೀರಲು ಕೇಳಿದಾಗಲೆಲ್ಲ ತನ್ನ ಹುಬ್ಬು ಗಂಟಿಕ್ಕುತ್ತಿತ್ತು. ಮರುಕ್ಷಣ ಅವರು, “ಇಲ್ಲಿದೆ, ಬರ್ಕೋ,” ಎನ್ನುತ್ತಿದ್ದರು. ಮೇಷ್ಟ್ರ ಹಾಗೆ ಇಪ್ಪತ್ತೆಂಟು ವರ್ಷ ಎಂಜಿನ್ ಪರೀಕ್ಷೆಯ ಕೋಣೆಯಲ್ಲಿ ನಿಂತ ಕಿವಿ ಮೊದಲು ಕಳೆದುಕೊಳ್ಳುವುದು ನಾಲ್ಕು ಸಾವಿರ ಹರ್ಟ್ಸ್ ಆಸುಪಾಸಿನ ದನಿಯನ್ನೇ. ಕಾಲೇಜಿನಲ್ಲಿ ಅದನ್ನು ಬರೆದು ಅವಳು ಪೂರ್ತಿ ಅಂಕ ತೆಗೆದುಕೊಂಡಿದ್ದಳು.

ಸ್ವತಂತ್ರವಾಗಿ ಸಹಿ ಮಾಡುವ ಅಧಿಕಾರ ಕೇಳಿ ಅವಳು ಬರೆದ ಅರ್ಜಿ ಎರಡು ತಿಂಗಳ ಹಿಂದೆ ತಿರಸ್ಕೃತವಾಗಿ ಬಂದಿತ್ತು. ಅಂಚಿನಲ್ಲಿ ಮೇಷ್ಟ್ರ ಮುದ್ದಾದ ಅಕ್ಷರ: “ಕಿವಿ ಇನ್ನೂ ಪಳಗಿಲ್ಲ.”

ದೂರು ಕೊಡಬೇಕಾಗಿಯೇ ಇಲ್ಲ ಎಂದುಕೊಂಡಳು. ಮುಖ ಸುಮ್ಮನಿದ್ದರೆ ಸಾಕು.

ನಾಲ್ಕನೆಯ ದಿನ ಹೊಸ ಗೇರು ಕೂರಿಸಿ ಕೊನೆಯ ಓಟ. ಮುಂದಿನ ಸೀಟಿನಲ್ಲಿ ವಿಭಾಗದ ಮುಖ್ಯಸ್ಥರು. “ಮೇಷ್ಟ್ರೇ, ನೀವು ಹೂಂ ಅಂದ್ರೆ ನಾಳೇನೇ ಕಾರ್ಖಾನೆ ಶುರು. ಆಮೇಲೆ ಸದ್ದು ಗಿದ್ದು ಅಂತ ಬಂದ್ರೆ ನಿಮ್ಮ ಕುತ್ತಿಗೆ, ನನ್ನ ಕುತ್ತಿಗೆ ಎರಡೂ ಹೋಗುತ್ತೆ,” ಎಂದು ನಕ್ಕರು. ಮೇಷ್ಟ್ರ ನಿವೃತ್ತಿಗೆ ಏಳು ತಿಂಗಳಿತ್ತು.

ವೇಗ ಏರಿತು. ನಿಮಿಷಕ್ಕೆ ಮೂರು ಸಾವಿರ ಸುತ್ತು, ಮೂರೂವರೆ, ನಾಲ್ಕು, ಎಲ್ಲ ನುಣುಪು. ಹೊಸ ಗೇರು ನಿಜಕ್ಕೂ ಚೆನ್ನಾಗಿತ್ತು. ನಾಲ್ಕು ಸಾವಿರದ ಇನ್ನೂರು ದಾಟುವಾಗ ಆ ಕೀರಲು ಒಮ್ಮೆ ಸುಳಿಯಿತು, ತೆಳ್ಳಗೆ, ಬ್ಲೇಡಿನ ಅಂಚಿನ ಹಾಗೆ. ಮುಖ್ಯಸ್ಥರಿಗೆ ಏನೂ ಕೇಳಲಿಲ್ಲ. ಅವಳು ಕಲ್ಲಿನಂತೆ ಕೂತಿದ್ದಳು. ಮೇಷ್ಟ್ರು ವೇಗ ಇಳಿಸಿ ಮತ್ತೆ ಏರಿಸಿದರು. ಕನ್ನಡಿಯಲ್ಲಿ ಅವರ ಕಣ್ಣು ಅವಳ ಮುಖದ ಮೇಲೆ ಅಲೆದಾಡುತ್ತಿತ್ತು, ಆಸ್ಪತ್ರೆಯ ಬಾಗಿಲ ಮುಂದೆ ನಿಂತು ಒಳಗಿಂದ ಬರುವವರ ಮುಖ ನೋಡುವವರ ಕಣ್ಣಿನಂತೆ.

ಅದು ಕನಿಕರವೋ ಬರೀ ಅಭ್ಯಾಸವೋ, ಅವಳಿಗೇ ಗೊತ್ತಾಗಲಿಲ್ಲ. ಹುಬ್ಬು ಗಂಟಿಕ್ಕಿತು.

“ಇದೆ,” ಎಂದರು ಮೇಷ್ಟ್ರು ತಕ್ಷಣ. “ನಾಲ್ಕು ಸಾವಿರದ ಇನ್ನೂರರಲ್ಲಿ. ಇನ್ನೊಂದು ಸಲ ಗೇರಿನ ಹಲ್ಲು ಉಜ್ಜಿಸಬೇಕು. ಈಗ್ಲೇ ಸಹಿ ಹಾಕಲ್ಲ.”

ಮುಖ್ಯಸ್ಥರು ತೊಡೆ ತಟ್ಟಿಕೊಂಡರು. “ಅಬ್ಬಬ್ಬಾ! ಕಿವಿ ಅಂದ್ರೆ ಇದಪ್ಪ!” ಎಂದು ಹಿಂದಕ್ಕೆ ತಿರುಗಿದರು. “ನೋಡಿದ್ಯೇನಮ್ಮಾ? ಅರ್ಜಿ ಗಿರ್ಜಿ ಎಲ್ಲ ಆಮೇಲೆ. ನಿವೃತ್ತಿ ಆದ್ರೂ ಇವರನ್ನ ಬಿಡಲ್ಲ ನಾವು, ಸಲಹೆಗಾರರಾಗಿ ಇಟ್ಕೋತೀವಿ. ಇನ್ನೂ ಒಂದೈದು ವರ್ಷ ಇವರ ಹಿಂದೆ ಕೂತು ಕಲಿ.”

“ಕಲೀತಾಳೆ ಬಿಡಿ, ಹುಡುಗಿ ಚುರುಕಿದ್ದಾಳೆ,” ಎಂದರು ಮೇಷ್ಟ್ರು.

ಶೆಡ್ಡಿನ ಮುಂದೆ ಮುಖ್ಯಸ್ಥರು ಇಳಿದು ಹೋದರು. ಮೇಷ್ಟ್ರು ಎಂಜಿನ್ ಆರಿಸಿ, ತೊಡೆಯ ಮೇಲೆ ನಮೂನೆ ಇಟ್ಟುಕೊಂಡು ಬರೆಯತೊಡಗಿದರು. ಅವಳು ಲ್ಯಾಪ್‌ಟಾಪು ಮುಚ್ಚಿ ಬಲಗಡೆಯ ಬಾಗಿಲಿಗೆ ಸರಿದಳು, ನೇರ ಅವರ ಬೆನ್ನ ಹಿಂದಕ್ಕೆ.

“ಸರ್,” ಎಂದಳು ಮೆಲ್ಲಗೆ. “ಎಷ್ಟು ವರ್ಷ ಆಯ್ತು, ಕೇಳಿಸದೆ?”

ಅವರು ತಿರುಗಲಿಲ್ಲ. ಬರೆದು ಮುಗಿಸಿ, ಪೆನ್ನಿನ ಕ್ಯಾಪು ಹಾಕಿ, ಕನ್ನಡಿಯಲ್ಲಿನ ಖಾಲಿ ಸೀಟಿಗೆ ಕೇಳಿದರು: “ಎಲ್ಲಿ ಹೋದ್ಯಮ್ಮಾ?”