ಗವಸಿಲ್ಲದ ಕೈ

ಬರಿಗೈ ಹಿಡಿದರೆ ಇನ್ನೊಬ್ಬರ ಕೌಶಲವನ್ನೋ ನೋವನ್ನೋ ಎಳೆದುಕೊಳ್ಳಬಹುದಾಗಿತ್ತು. ಹಾಗಾಗಿ ಕ್ಲಬ್ಬಿನ ನೆಟ್‌ಬಾಲ್ ಆಟಗಾರ್ತಿಯರು ಗವಸು ಹಾಕಿಕೊಂಡೇ ಮಲಗುತ್ತಿದ್ದರು. ಫೈನಲ್ ದಿನ ಬೆಳಿಗ್ಗೆ ಗೋಲ್ ಶೂಟರ್ ವಿನೋದಾ ಕಣ್ಣು ಬಿಟ್ಟಾಗ, ಅವಳ ಬಲಗೈ ಗವಸು ಕಳಚಿತ್ತು. ಹೊಸ ಹುಡುಗಿ ಜಬೀನ್ ಆ ಕೈ ಹಿಡಿದು ಕೂತಿದ್ದಳು.

“ನನ್ನ ಗುರಿ ಕದೀತಿದ್ಯಾ? ನನ್ನ ಜಾಗ ಬೇಕಾ ನಿಂಗೆ?”

“ಇಲ್ಲ, ವಿನೋದಕ್ಕ!”

ವಿನೋದಾ ನಂಬಲಿಲ್ಲ. ಅಂಗಳಕ್ಕೆ ಓಡಿ ರಿಂಗಿಗೆ ಚೆಂಡೆಸೆದಳು. ಅದು ನೇರವಾಗಿ ಒಳಗಿಳಿಯಿತು. ಮತ್ತೆ ಎಸೆದಳು, ಮತ್ತೆ ಇಳಿಯಿತು. ಹಾಗಾದರೆ ಇವಳು ಕದ್ದದ್ದೇನು? ಅನುಮಾನದಿಂದ ತಿರುಗಿ ನೋಡಿದಳು. ಜಬೀನ್ ಗೋಡೆ ಹಿಡಿದು ಕುಂಟುತ್ತಾ ಬರುತ್ತಿದ್ದಳು.

ವರ್ಷದಿಂದ ಕಾಡುತ್ತಿದ್ದ ಮೊಣಕಾಲು ನೋವು ತನಗೀಗ ಇಲ್ಲವೆಂದು ವಿನೋದಾಗೆ ಆಗ ತಿಳಿಯಿತು.

“ನೀವು ಕುಂಟಿದ್ರೆ ಇವತ್ತೇ ತೆಗೆದುಹಾಕ್ತಾರಕ್ಕಾ,” ಎಂದಳು ಜಬೀನ್.

ವಿನೋದಾ ಅವಳ ಕೈ ಹಿಡಿದಳು. ನೋವು ಮೆಲ್ಲಗೆ ವಾಪಸ್ಸು ಬರತೊಡಗಿತು. ಜಬೀನ್ ಎಷ್ಟು ಕೊಸರಾಡಿದರೂ ಬಿಡಲಿಲ್ಲ.