ಮದುಮಗಳ ಕುರ್ಚಿ

ಮದುಮಗಳು ಕುರ್ಚಿ ಹತ್ತಿ ನಿಂತಾಗ ಅದನ್ನು ಹಿಡಿಯಲು ಮೂವರು ಸೋದರಮಾವಂದಿರು ಮುಂದೆ ಬಂದರು. ತಾಯಿ ದೊನ್ಯಾ ಚೋಲೆ ಮೂವರನ್ನೂ ಪಕ್ಕಕ್ಕೆ ಸರಿಸಿ ಮಗನನ್ನು ಕರೆದಳು.

“ರೊಸೆಂದೊ, ನೀನು ಹಿಡ್ಕೊಳ್ಳೋ. ನೂರಾ ಮೂವತ್ತು ಕಿಲೋ ಇದೀಯ, ಇವತ್ತಾದ್ರೂ ಅದು ಉಪಯೋಗಕ್ಕೆ ಬರ್ಲಿ.”

ಅವರ ಊರು ಮೊಂತೆರ್ರೆಯಲ್ಲಿ ಹಾವಿನಾಟವಿಲ್ಲದ ಮದುವೆ ಮದುವೆಯೇ ಅಲ್ಲ. ಎದುರುಬದುರು ಎರಡು ಕುರ್ಚಿ. ಒಂದರ ಮೇಲೆ ಮದುಮಗಳು ನೆರೈದಾ, ಇನ್ನೊಂದರ ಮೇಲೆ ಅವಳ ಗಂಡ, ಕಡ್ಡಿಯಂಥ ದಂತವೈದ್ಯ. ನಡುವೆ ಇಬ್ಬರೂ ಎತ್ತಿ ಹಿಡಿದ ಮದುಮಗಳ ಮುಸುಕು. ನೆಂಟರೆಲ್ಲ ಕೈಕೈ ಹಿಡಿದು, ಉದ್ದ ಹಾವಾಗಿ ಅದರಡಿ ನುಗ್ಗುತ್ತ ಕುರ್ಚಿಗಳಿಗೆ ಢಿಕ್ಕಿ ಹೊಡೆಯಬೇಕು. ಮದುಮಕ್ಕಳು ಬೀಳದ ಹಾಗೆ ಮನೆಯವರು ಕಾಯಬೇಕು. ಬಿದ್ದರೆ ಸಂಸಾರ ಉಳಿಯುವುದಿಲ್ಲ ಎಂಬುದು ದೊನ್ಯಾ ಚೋಲೆಯ ಗಟ್ಟಿ ನಂಬಿಕೆ. ಅವಳ ಗೆಳತಿಯ ಮಗಳು ಹೀಗೇ ಬಿದ್ದಿದ್ದಳು. ಹನ್ನೊಂದೇ ತಿಂಗಳಿಗೆ ಗಂಡ ಸೂಟ್‌ಕೇಸ್ ಹಿಡಿದು ಹೊರಟುಹೋದ.

ರೊಸೆಂದೊ ಕುರ್ಚಿ ಹಿಡಿದನೇನೋ ಸರಿ, ಕಣ್ಣು ಮಾತ್ರ ಮೂರನೆಯ ಮೇಜಿನ ಮೇಲಿತ್ತು. ಅಲ್ಲಿ ಅವನ ತಂಡದ ಕೋಚ್ ತ್ರೆವಿನ್ಯೊ ಸುಟ್ಟ ಆಡಿನ ಮರಿಯ ಪಕ್ಕೆಲುಬು ಚೀಪುತ್ತಿದ್ದರು. ಮುಂದಿನ ಸೀಸನ್‌ಗೆ ತಂಡದಲ್ಲಿ ಅವನಿಗೆ ಜಾಗವಿದೆಯೋ ಇಲ್ಲವೋ ಎಂದು ಮದುವೆಯಲ್ಲೇ ತಿಳಿಸುವುದಾಗಿ ಹೇಳಿದ್ದರು. ಬಂದು ಎರಡು ಗಂಟೆಯಾದರೂ ಬಾಯಿ ಬಿಟ್ಟಿರಲಿಲ್ಲ. ರೊಸೆಂದೊಗೆ ಮೂವತ್ತೈದು, ಅಮೆರಿಕನ್ ಫುಟ್‌ಬಾಲ್ ಆಡಿ ಸಂಬಳ ಎಣಿಸಲು ಶುರುಮಾಡಿ ಒಂಬತ್ತು ವರ್ಷ. ಇನ್ನೊಂದು ಸೀಸನ್ ಸಿಕ್ಕರೆ ಸಾಕು, ತಾನಾಗಿಯೇ ಕೈಬೀಸಿ ಹೊರಡುತ್ತಿದ್ದ. ಕಳಿಸಿಬಿಟ್ಟರು ಅನ್ನಿಸಿಕೊಳ್ಳುವುದು ಅವನಿಂದ ಆಗದ ಮಾತು.

ತಾಯಿಗೆ ಈ ಸಂಕಟ ಎಲ್ಲಿ ಅರ್ಥವಾಗಬೇಕು? ಒಮ್ಮೆ ಟಿವಿಯಲ್ಲಿ ಹತ್ತು ನಿಮಿಷ ಪಂದ್ಯ ನೋಡಿ, “ನೀನು ಚೆಂಡು ಮುಟ್ಟೋದೂ ಇಲ್ಲ, ಓಡೋದೂ ಇಲ್ಲ. ಸುಮ್ನೆ ಜನರ ಮೇಲೆ ಬೀಳ್ತೀಯ. ಇಷ್ಟಕ್ಕೆ ಮೊಣಕಾಲು ಕೊಯ್ಸಿಕೊಂಡ್ಯಾ?” ಎಂದು ಟಿವಿ ಆರಿಸಿದ್ದಳು. ಚೆಂಡು ಎಸೆಯುವವನು ಹಿಂದೆ ಇರುತ್ತಾನೆ, ಅವನನ್ನು ಉರುಳಿಸಲು ಬರುವವರನ್ನು ತಡೆಯುವುದೇ ತನ್ನ ಕೆಲಸ ಎಂದು ಮಗ ಎಷ್ಟು ಬಿಡಿಸಿ ಹೇಳಿದರೂ ಅವಳ ತಲೆಗೆ ಹೋಗಲಿಲ್ಲ.

ಹೆಂಗಸರ ಹಾವು ಮುಗಿದು ಗಂಡಸರ ಹಾವು ಬಂತು. ಅದರಲ್ಲಿ ಅರ್ಧಕ್ಕರ್ಧ ರೊಸೆಂದೊನ ತಂಡದವರೇ. ಹಾವಿನ ತಲೆಯ ಜಾಗದಲ್ಲಿ ಇಪ್ಪತ್ತಮೂರು ವರ್ಷದ ಉಬಾಲ್ದೊ. ರೊಸೆಂದೊನ ಜಾಗ ಇವನಿಗೇ ಎಂದು ತಂಡದಲ್ಲೆಲ್ಲ ಗುಸುಗುಸು. ಮೊದಲ ಸುತ್ತು ಬರೀ ನಗು, ಕೂಗಾಟ. ಎರಡನೆಯದರಲ್ಲಿ ಕುರ್ಚಿ ಒಂದು ಗೇಣು ಜರುಗಿತು. ಮೂರನೆಯದರಲ್ಲಿ ಉಬಾಲ್ದೊಗೆ ಅದೇನಾಯಿತೋ, ಪಕ್ಕದವನ ಕೈ ಬಿಟ್ಟು, ಬಗ್ಗಿ, ಮೈದಾನದಲ್ಲಿ ಮಾಡುವಂತೆ ಒಂದು ಕೈ ನೆಲಕ್ಕೂರಿ ನುಗ್ಗಿಯೇಬಿಟ್ಟ. ದಂತವೈದ್ಯ ತಾನಾಗಿಯೇ ಇಳಿದು ತನ್ನ ಕುರ್ಚಿಯ ಹಿಂದೆ ಅಡಗಿದ.

“ಸೊಂಟ ಕೆಳಗೆ, ರೊಸೆಂದೊ!” ಕೋಚ್ ಮೂಳೆ ಹಿಡಿದುಕೊಂಡೇ ಎದ್ದು ನಿಂತಿದ್ದರು.

ಅದನ್ನು ಅವನಿಗೆ ಹೇಳಬೇಕಿರಲಿಲ್ಲ. ಒಂದು ಕೈ ಕುರ್ಚಿಯ ಮೇಲೇ ಇತ್ತು. ಎಡಕ್ಕೆ ಅರ್ಧ ಹೆಜ್ಜೆ ಇಟ್ಟು ಭುಜ ಕೊಟ್ಟ, ಅಷ್ಟೇ. ಉಬಾಲ್ದೊ ಹೋಗಿ ಅಕಾರ್ಡಿಯನ್ ನುಡಿಸುವವನ ಕಾಲ ಬುಡದಲ್ಲಿ ಬಿದ್ದ. ಮೇಲೆ ನಿಂತ ನೆರೈದಾಳಿಗೆ ಏನೂ ಗೊತ್ತಾಗಲಿಲ್ಲ. ಅವಳು ಗೆಳತಿಯರಿಗೆ ಕೈ ಬೀಸುತ್ತಿದ್ದಳು.

ಆಟ ಮುಗಿಯಿತು. ರೊಸೆಂದೊ ಅದೇ ಕುರ್ಚಿಯಲ್ಲಿ ಕುಸಿದು, ಬಿಯರ್ ಟಬ್ಬಿನ ಐಸನ್ನು ಮೊಣಕಾಲಿಗೆ ಒತ್ತಿಕೊಂಡ. ಕೋಚ್ ಹತ್ತಿರ ಬಂದರು.

“ಹೇಳ್ಬಿಡಿ ಕೋಚ್.”

“ಏನಂತ ಹೇಳ್ಲಪ್ಪಾ. ನಿನ್ನ ಜಾಗಕ್ಕೆ ಉಬಾಲ್ದೊನ್ನ ಹಾಕೋದು ಅಂತ ಆಗಿದೆ. ಅವನಿನ್ನೂ ಹುಡುಗ. ನಿನ್ನ ಮೊಣಕಾಲು ನೋಡಿದ್ರೆ...”

“ಯಾವ ಉಬಾಲ್ದೊ?” ದೊನ್ಯಾ ಚೋಲೆ ಬೆನ್ನ ಹಿಂದೆಯೇ ಇದ್ದಳು. “ಅಲ್ಲಿ ಬಿದ್ನಲ್ಲ, ಅವನಾ? ಬಿದ್ದೋನನ್ನ ಇಟ್ಕೊಂಡು ನಿಂತೋನನ್ನ ಮನೆಗೆ ಕಳಿಸ್ತೀರಾ? ಇದ್ಯಾವ ಸೀಮೆ ನ್ಯಾಯ ರೀ?”

“ಹೋದ ವರ್ಷ ಫೋನ್ ಮಾಡಿ, ಇವನನ್ನ ತಂಡದಿಂದ ಬಿಡ್ಸಿ ಅಂತ ನನ್ನ ತಲೆ ತಿಂದೋರು ಯಾರು ದೊನ್ಯಾ?”

“ನಾನೇ. ಆಗ ನಾನು ಏನೂ ನೋಡಿರ್ಲಿಲ್ಲ. ಈಗ ನೋಡ್ದೆ.”

ಕೋಚ್ ಕತ್ತು ಕೆರೆದುಕೊಂಡರು. ಉಬಾಲ್ದೊ ಇನ್ನೂ ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತಿದ್ದ.

“ಒಂದೇ ಸೀಸನ್,” ಎಂದರು. “ಆ ಅರ್ಧ ಹೆಜ್ಜೆ ಇದೆಯಲ್ಲ, ಅದನ್ನ ಅವನಿಗೆ ಕಲಿಸಿಟ್ಟು ಹೋಗ್ಬೇಕು. ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಬಾ.”

ರೊಸೆಂದೊ ಐಸಿನ ಒದ್ದೆ ಕೈಯಲ್ಲೇ ಕೋಚ್ ಕೈ ಹಿಡಿದು ಕುಲುಕಿದ. ತಾಯಿ ಪಕ್ಕದಲ್ಲಿ ಕುಳಿತು ಐಸನ್ನು ತಾನೇ ಒತ್ತಿ ಹಿಡಿದಳು.

“ಒಂಬತ್ತು ವರ್ಷದಿಂದ ಇದನ್ನೇ ಮಾಡ್ತಿದ್ಯೇನೋ?”

“ಇದನ್ನೇ ಅಮ್ಮಾ.”

“ನೀನು ಕಾಯ್ದೋರು ಯಾರೂ ಬೀಳ್ಲೇ ಇಲ್ವಾ?”

“ಬೀಳ್ದೆ ಏನು, ಬೇಕಾದಷ್ಟು ಸಲ ಬಿದ್ದಿದಾರೆ.”

ದೊನ್ಯಾ ಚೋಲೆಯ ಮುಖ ಸಣ್ಣದಾಯಿತು. “ಆಮೇಲೆ?”

“ಆಮೇಲೇನು, ಕೈ ಕೊಟ್ಟು ಎಬ್ಬಿಸ್ತೀನಿ. ಮುಂದಿನ ಆಟಕ್ಕೆ ನಿಂತ್ಕೋತೀವಿ.”

ಅವಳು ಎದ್ದು, ಕೇಕಿನ ತಟ್ಟೆ ಹಿಡಿದು ಹೊರಟಿದ್ದ ದಂತವೈದ್ಯನ ತೋಳು ಹಿಡಿದು ಎಳೆತಂದಳು.

“ಇಲ್ಲಿ ಕೂತ್ಕೊಳ್ಳಿ ಅಳಿಯಂದ್ರೇ. ರೊಸೆಂದೊ, ಈಗ ನಂಗೆ ಹೇಳಿದ್ಯಲ್ಲ, ಅದನ್ನ ಇವರಿಗೆ ಇನ್ನೊಂದ್ಸಲ ಹೇಳೋ.”