ಬ್ಯಾಂಡು ನಿಂತ ಮೇಲೆ

"ಇಲ್ಲಿಗೆ ಕುಯ್ದುಬುಡ್ಲಾ, ಅಣ್ಣಾ?"

ಮೈಕ್ ಸೆಟ್ಟಿನ ಪ್ರಭುಸ್ವಾಮಿ ಟೇಪಿನ ಮೇಲೆ ಬ್ಲೇಡು ಹಿಡಿದು ಶಿವಲಿಂಗಯ್ಯನ ಕಡೆ ನೋಡಿದ. ಶಿವಲಿಂಗಯ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದ. ಇಂದ್ರಮ್ಮ ಯಾರ ಕಡೆಯೂ ನೋಡಲಿಲ್ಲ.

"ಇನ್ನೊಂದ್ಸಲ ಹಾಕು ಪ್ರಭು," ಎಂದಳು. "ಆಮೇಲೆ ಕುಯ್ಯೋದಿದ್ರೆ ಕುಯ್ಯಿ."

ಟೇಪು ತಿರುಗಿತು. ಮೊದಲು ಹಳೆಯ ಗ್ರಾಮಫೋನ್ ಪ್ಲೇಟಿನ ಕರಕರ, ಆಮೇಲೆ ಟ್ರಂಪೆಟ್ಟು, ಅದರ ಬೆನ್ನಿಗೆ ಡ್ರಮ್ಮು; ಕೊನೆಗೆ ಒಬ್ಬ ಹುಡುಗಿಯ ದನಿ. ಇಂಗ್ಲಿಷ್ ಜಾಜ್ ಹಾಡು. ದನಿ ಬೇಕೆಂದೇ ತಾಳದ ಹಿಂದೆ ಉಳಿದು, ಇನ್ನೇನು ತಪ್ಪಿತು ಅನ್ನುವಾಗ ಬಂದು ಸೇರಿಕೊಳ್ಳುತ್ತಿತ್ತು. ಬಾಗಿಲ ಚೌಕಟ್ಟಿನ ಮೇಲೆ ಇಂದ್ರಮ್ಮನ ಬೆರಳೂ ಹಾಗೇ ತಡವಾಗಿ ಬೀಳುತ್ತಿತ್ತು. ದಸರಾ ಎಕ್ಸಿಬಿಷನ್ನಿಗೆ ಉಡಲೆಂದು ಅವಳು ತೆಗೆದ ರೇಷ್ಮೆ ಸೀರೆ ಹಿತ್ತಲಲ್ಲಿ ಗಾಳಿಗೆ ಹರವಿಕೊಂಡಿತ್ತು.

ಬನ್ನಿಮಂಟಪದ ಬ್ಯಾಂಡ್ ಮಾಸ್ಟರ್ ತೀರಿಕೊಂಡ ಮೇಲೆ ಅವನ ಟ್ರಂಕಿನಲ್ಲಿ ಸಿಕ್ಕಿದ ಪ್ಲೇಟು; ಪ್ರಭುಸ್ವಾಮಿ ಅದನ್ನು ಟೇಪಿಗೆ ಇಳಿಸಿಕೊಂಡಿದ್ದ. ಲೇಬಲ್ಲಿನ ಮೇಲೆ ಮಿಸ್ ಸ್ಟೆಲ್ಲಾ ಎಂದಿತ್ತು. ಆದರೆ ಬ್ಯಾಂಡು ನಿಂತ ಮೇಲೆ ಆ ಹುಡುಗಿ ಒಮ್ಮೆ ಉಸಿರೆಳೆದುಕೊಂಡು ಕನ್ನಡದಲ್ಲಿ ಹೇಳಿದ್ದಳು: "ನಾನು ಇಂದ್ರಮ್ಮ. ಅಗ್ರಹಾರ, ಮೈಸೂರು."

ಪ್ರಭುಸ್ವಾಮಿಗೆ ನಗು ಬಂತು. "ಅದ್ಯಾಕಕ್ಕ ಹಂಗಂದ್ರಿ?"

"ನಮ್ಮಪ್ಪನ ಹತ್ರ ಇದ್ದ ಹಳೇ ಪ್ಲೇಟ್ನಲ್ಲೆಲ್ಲ ಹಾಡಿದೋರು ಕೊನೇಲಿ ಹೆಸರು ಹೇಳೋರು ಕಣೋ. ಹೇಳ್ದಿದ್ರೆ ಪ್ಲೇಟು ಮುಗಿಯಲ್ಲ ಅಂತ್ಲೇ ತಿಳ್ಕೊಂಡಿದ್ದೆ. ಬ್ಯಾಂಡ್ ಮಾಸ್ಟ್ರು ತಲೆ ಚಚ್ಕೊಂಡ್ರು. ಅಷ್ಟ್ರಲ್ಲಿ ರೆಕಾರ್ಡಾಗ್ಬುಟ್ಟಿತ್ತು."

ಶಿವಲಿಂಗಯ್ಯ ನಗಲಿಲ್ಲ. ಮದುವೆಯಾದ ಹೊಸತರಲ್ಲಿ ಮಾರ್ಕೆಟ್ಟಿನ ಬಳಿ ಒಂದು ಕಾಫಿ ಹೋಟೆಲಿನ ಗ್ರಾಮಫೋನಿನಲ್ಲಿ ಇದೇ ಮಾತು ಅವನ ಕಿವಿಗೆ ಬಿದ್ದಿತ್ತು. ಪಕ್ಕದಲ್ಲಿದ್ದ ಅವನ ಅಣ್ಣ, "ಇದು ನಿನ್ನ ಹೆಂಡ್ತಿ ಅಲ್ವೇನೋ?" ಎಂದು ಹೋಟೆಲಿಗೆಲ್ಲ ಕೇಳುವಂತೆ ಅಂದಿದ್ದ. ಶಿವಲಿಂಗಯ್ಯ ಮನೆಗೆ ಬಂದು, ಅವಳ ಪ್ಲೇಟುಗಳನ್ನು ಒಂದೂ ಉಳಿಯದಂತೆ ಬಟ್ಟೆ ಒಗೆಯುವ ಕಲ್ಲಿಗೆ ಬಡಿದಿದ್ದ. ಆಮೇಲೆ ಅವಳು ಹಾಡಲಿಲ್ಲ. ಹಾಡು ಎಂದು ಅವನೂ ಕೇಳಲಿಲ್ಲ. ಈಗ ಪ್ರಭುಸ್ವಾಮಿಯನ್ನು ಹುಡುಕಿಕೊಂಡು ಹೋಗಿ ಮನೆಗೆ ಕರೆತಂದವನು ಅವನೇ.

"ಎಕ್ಸಿಬಿಷನ್ನಲ್ಲಿ ಇವನ ಮೈಕ್ನಲ್ಲಿ ಬರ್ಲಿ ಇಂದ್ರಾ, ಊರೆಲ್ಲ ಕೇಳ್ಲಿ," ಎಂದ. "ಅವತ್ತು ನಾನು ಮಾಡಿದ್ದು ತಪ್ಪು ಕಣೆ. ಆದ್ರೆ ಹೆಸರೊಂದು ಬೇಡ. ಮಗಳಿಗೆ ಗಂಡು ನೋಡ್ತಾ ಇದೀವಿ."

"ಹೆಸರಿಲ್ದಿದ್ರೆ ಯಾರು ಹಾಡಿದ್ದು ಅನ್ಕೋತಾರೆ ಜನ?"

"ಲೇಬಲ್ನಲ್ಲಿ ಐತಲ್ಲಕ್ಕ," ಎಂದ ಪ್ರಭುಸ್ವಾಮಿ. "ಮಿಸ್ ಸ್ಟೆಲ್ಲಾ ಅಂತೀನಿ. ಇನ್ನೂ ಗತ್ತಾಗಿರ್ತದೆ."

ಇಂದ್ರಮ್ಮ ಹಿತ್ತಲಿಗೆ ಹೋಗಿ ಸೀರೆ ತಂದಳು. ಬಾಗಿಲಲ್ಲೇ ನಿಂತು, ಹಳೆಯ ಮಡಿಕೆಯ ಗೆರೆ ತಪ್ಪದಂತೆ ಮಡಿಸತೊಡಗಿದಳು. ಪ್ರಭುಸ್ವಾಮಿ ಬ್ಲೇಡು ಹಿಡಿದೇ ಕಾಯುತ್ತಿದ್ದ.

"ಹೇಳಕ್ಕ, ಹೆಸರು ತೆಗೀಲಾ?"

"ಹಾಡೂ ತೆಗಿ," ಎಂದಳು. "ಅದೂ ಬೇಡ."